ಪಾಠಕ್ಕೆ ಮುನ್ನ ಒಂದು ಕರಾರು

ನಮ್ಮ ಕಡೆ ಗದ್ದೆಯನ್ನು ವಾರಕ್ಕೆ ಕೊಡುವಾಗ ಒಂದು ಪದ್ಧತಿ ಉಂಟು. ನೇಗಿಲು ಹೂಡುವ ಮೊದಲೇ ಜಗಲಿಯ ಮೇಲೆ ಕುಳಿತು ಮಾತು ಮುಗಿಸಿಬಿಡುತ್ತಾರೆ. ಬಿತ್ತನೆ ಬೀಜ ಯಾರದು, ಗೊಬ್ಬರದ ಖರ್ಚು ಯಾರದು, ಹುಲ್ಲಿನಲ್ಲಿ ಪಾಲು ಎಷ್ಟು, ಮಳೆ ಕೈಕೊಟ್ಟರೆ ಏನು ಗತಿ ಎಂಬುದೆಲ್ಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತೀರ್ಮಾನವಾಗುತ್ತದೆ. ಕಾಗದವಿಲ್ಲ, ರುಜುವಿಲ್ಲ. ಆದರೂ ಸುಗ್ಗಿಯ ಹೊತ್ತಿಗೆ ಕಣದಲ್ಲಿ ಜಗಳ ಏಳುವುದು ಅಪರೂಪ. ಎದ್ದರೆ, ಅದು ಮೊದಲು ಮಾತಾಡದೆ ಬಿಟ್ಟ ಯಾವುದೋ ಒಂದು ವಿಷಯಕ್ಕೇ ಇರುತ್ತದೆ.

ಇಪ್ಪತ್ತೈದು ವರ್ಷ ವಿಜ್ಞಾನ ಪಾಠ ಹೇಳಿದ ಮೇಲೂ ಈ ಸಣ್ಣ ವಿವೇಕ ನನಗೆ ಹೊಳೆಯಲು 2020ನೇ ಇಸವಿ ಬರಬೇಕಾಯಿತು.

ಆ ವರ್ಷ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಬಾಗಿಲು ಮುಚ್ಚಿದವು. ನಾನಿರುವುದು ತಾಲ್ಲೂಕು ಕೇಂದ್ರವೊಂದರ ಸಾಧಾರಣ ಖಾಸಗಿ ಪ್ರೌಢಶಾಲೆಯಲ್ಲಿ. ಜುಲೈ ತಿಂಗಳಲ್ಲಿ ಹತ್ತನೇ ತರಗತಿಗೆ ಆನ್‌ಲೈನ್ ಪಾಠ ಆರಂಭಿಸಿದೆವು. ಸೀಮೆಸುಣ್ಣ ಹಿಡಿದ ಕೈಗೆ ಮೊಬೈಲ್ ಬಂತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲ ದಿನವೇ ನಾನು ಬರೆದ ಸೂಚನೆ ಇಷ್ಟು: 'ಬೆಳಿಗ್ಗೆ 9ಕ್ಕೆ ಪಾಠ. ಎಲ್ಲರೂ ಹಾಜರಿರಬೇಕು. ಉತ್ತರಗಳನ್ನು ರಾತ್ರಿ 8ರೊಳಗೆ ಕಳುಹಿಸತಕ್ಕದ್ದು.' ಬರೆದು ನನ್ನ ಕರ್ತವ್ಯ ಮುಗಿಯಿತೆಂದು ನಿರಾಳವಾದೆ.

ಮೊದಲ ಅಧ್ಯಾಯ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಎರಡು ವಾರ ಕಳೆದರೂ ಐದು ಮಂದಿಯಿಂದ ಒಂದು ಉತ್ತರವೂ ಬರಲಿಲ್ಲ. ಅವರಲ್ಲಿ ಒಂಬತ್ತನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳೂ ಇದ್ದಳು. ನನಗೆ ಸಿಟ್ಟು ಬಂತು. ಐವರ ಕ್ರಮಸಂಖ್ಯೆಗಳನ್ನೂ ಗುಂಪಿನಲ್ಲಿ ಹಾಕಿ 'ಇವರಿಗೆ ಓದಿನ ಬಗ್ಗೆ ಅಸಡ್ಡೆ' ಎಂದು ಬರೆದೆ. ನಾಲ್ವರು ಮರುದಿನವೇ ಏನೋ ಒಂದಷ್ಟು ಬರೆದು ಕಳುಹಿಸಿದರು. ಆ ಹುಡುಗಿ ಮಾತ್ರ ಕಳುಹಿಸಲಿಲ್ಲ.

2021ರ ಜನವರಿ 1ರಂದು ಹತ್ತನೇ ತರಗತಿಯವರಿಗೆ ಶಾಲೆ ತೆರೆಯಿತು. ಆ ಹುಡುಗಿ ಬಂದಳು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ನಾನು ಆರು ತಿಂಗಳಲ್ಲಿ ಕೊಟ್ಟ ಪ್ರತಿಯೊಂದು ಪ್ರಶ್ನೆಗೂ ದಿನಾಂಕ ಸಹಿತ ಉತ್ತರ ಬರೆದಿದ್ದಳು.

'ಏನಮ್ಮಾ, ಇಷ್ಟೆಲ್ಲ ಬರೆದು ಯಾಕೆ ಕಳಿಸಲಿಲ್ಲ?' ಎಂದೆ.

'ಎಂಟು ಗಂಟೆ ದಾಟಿದ ಮೇಲೆ ಕಳಿಸಬಾರದು ಅಂತ ಅಂದ್ಕೊಂಡೆ ಸಾರ್.'

ಮನೆಗಿದ್ದದ್ದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಗೆ ಬರುತ್ತಿದ್ದುದು ರಾತ್ರಿ ಎಂಟೂವರೆಗೆ. ಆಮೇಲೆ ಅವಳು ಪಾಠದ ವಿಡಿಯೊ ನೋಡಿ ಬರೆಯುತ್ತಿದ್ದಳು. ಅವಳ ತಂದೆಯನ್ನು ಕಂಡಾಗ ಅವರೂ ಅದನ್ನೇ ಹೇಳಿದರು: 'ಎಂಟು ಗಂಟೆ ಅಂತ ನೀವೇ ತಾನೆ ಮೇಷ್ಟ್ರೇ ಬರೆದಿದ್ದು? ಆಗ ನಾನಿನ್ನೂ ದಾರೀಲಿರ್ತಿದ್ದೆ. ನಿಮ್ಮನ್ನ ಕೇಳೋಕೆ ಸಂಕೋಚ ಆಯ್ತು.' ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಟಿತು.

ನೋಟ್‌ಬುಕ್ ಮನೆಗೆ ತಂದು ತಿದ್ದಲು ಕುಳಿತೆ. ಜಲಜನಕ ಮತ್ತು ಆಮ್ಲಜನಕ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಬೇಕಿತ್ತು. ಎಡಗಡೆ ಆಮ್ಲಜನಕದ ಎರಡು ಪರಮಾಣು, ಬಲಗಡೆ ಒಂದೇ. ಅವಳು ನೀರಿನ ಸೂತ್ರದಲ್ಲೇ ಆಮ್ಲಜನಕದ ಬುಡಕ್ಕೆ ಪುಟ್ಟ ಎರಡನ್ನು ಸೇರಿಸಿ ಲೆಕ್ಕ ಸರಿ ಮಾಡಿದ್ದಳು. ಲೆಕ್ಕವೇನೋ ಸರಿ. ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗಿತ್ತು! ಸೂತ್ರವನ್ನು ಮುಟ್ಟಬಾರದು, ಅದರ ಮುಂದೆ ಸಂಖ್ಯೆ ಹಾಕಬೇಕು ಎಂದು ಹೇಳಲು ಎರಡು ನಿಮಿಷ ಸಾಕು. ಜುಲೈಯಲ್ಲಿ ಆ ಎರಡು ನಿಮಿಷ ಸಿಗದ ಕಾರಣ, ಅದೇ ತಪ್ಪು ಪುಟದಿಂದ ಪುಟಕ್ಕೆ ಡಿಸೆಂಬರ್‌ವರೆಗೂ ನಡೆದು ಬಂದಿತ್ತು. 'ತಡವಾದರೂ ಪರವಾಗಿಲ್ಲ, ಕಳುಹಿಸಿ' ಎಂಬ ಒಂದು ಸಾಲು ನಾನು ಬರೆಯದೆ ಹೋದದ್ದರ ಬೆಲೆ ಅದು.

ಗೋಡೆಗಳೂ ಪಾಠ ಹೇಳುತ್ತವೆ

ಯೋಚಿಸಿ ನೋಡಿದರೆ, ಶಾಲೆಯ ಕೊಠಡಿಯಲ್ಲಿ ಎಷ್ಟೋ ನಿಯಮಗಳನ್ನು ನಾವು ಬಾಯಿ ಬಿಟ್ಟು ಹೇಳುವುದೇ ಇಲ್ಲ. ಗಂಟೆ ಹೊಡೆದರೆ ಪಾಠ ಶುರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಬರೆದುಕೊಳ್ಳಬೇಕು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಸಿಟ್ಟು ಬಂದಿದೆ ಎಂದರ್ಥ. ಅರ್ಥವಾಗದ ಹುಡುಗನ ಮುಖ ನೋಡಿದರೆ ಮೇಷ್ಟ್ರಿಗೂ ತಿಳಿಯುತ್ತದೆ, ಇನ್ನೊಮ್ಮೆ ಹೇಳುತ್ತಾರೆ. ಪಕ್ಕದವನು ಏನು ಮಾಡುತ್ತಿದ್ದಾನೆಂದು ನೋಡಿ ತಾನೂ ಹಾಗೆಯೇ ಮಾಡುವ ಅನುಕೂಲ ಬೇರೆ.

ಪಾಠ ಪರದೆಯ ಮೇಲೆ ಬಂದಾಗ ಇವೆಲ್ಲ ಕಳಚಿ ಹೋಗುತ್ತವೆ. ಉಳಿಯುವುದು ಬರೆದ ಅಕ್ಷರ ಮತ್ತು ಆಡಿದ ಮಾತು ಮಾತ್ರ. ಬರೆಯದ ಜಾಗವನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಧೈರ್ಯದ ಹುಡುಗ 'ತಡವಾದರೇನು, ಮೇಷ್ಟ್ರು ತಗೊಳ್ತಾರೆ' ಎಂದುಕೊಳ್ಳುತ್ತಾನೆ. ಅಂಜುವ ಹುಡುಗಿ 'ಇನ್ನು ಕಳಿಸಬಾರದು' ಎಂದುಕೊಳ್ಳುತ್ತಾಳೆ. ಅಸ್ಪಷ್ಟತೆಯ ಪೆಟ್ಟು ಬೀಳುವುದು ಯಾವಾಗಲೂ ಎರಡನೆಯವರಿಗೇ.

ಅಂಚೆಯ ಕಾಲದಿಂದ ಬಂದ ಬುದ್ಧಿ

ದೂರದಿಂದ ಕಲಿಸುವುದು ಹೊಸದೇನಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಐಸಾಕ್ ಪಿಟ್ಮನ್ ತನ್ನ ಶೀಘ್ರಲಿಪಿಯನ್ನು ಅಂಚೆ ಮೂಲಕ ಕಲಿಸತೊಡಗಿದ. ಅದೇ ವರ್ಷ ಅಲ್ಲಿ ಒಂದು ಪೆನ್ನಿಗೆ ಕಾಗದ ಕಳುಹಿಸುವ ವ್ಯವಸ್ಥೆ ಬಂದದ್ದು ಅವನಿಗೆ ಅನುಕೂಲವಾಯಿತು. ಕಲಿಯುವವರು ತಾವು ಬರೆದ ಅಭ್ಯಾಸವನ್ನು ಅವನಿಗೆ ಕಳುಹಿಸಬೇಕು. ಅವನು ತಿದ್ದಿ ಮರಳಿ ಕಳುಹಿಸಬೇಕು. ಎರಡೂ ಕಡೆಯ ಕೆಲಸ ಏನೆಂಬುದು ಅಲ್ಲಿ ಸ್ಪಷ್ಟವಾಗಿತ್ತು.

ನಮ್ಮಲ್ಲೂ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ತಳಹದಿಯಾಯಿತು. ಕಂಡಕ್ಟರ್ ಕೆಲಸದಲ್ಲಿದ್ದ ನನ್ನ ಅಣ್ಣ ಬಿ.ಎ. ಓದಿದ್ದು ಅಂಚೆಯ ಮೂಲಕವೇ. ಪಾಠದ ಕಟ್ಟು ಬಂದರೆ ಅವನು ಮೊದಲು ಹುಡುಕುತ್ತಿದ್ದುದು ಪಾಠವನ್ನಲ್ಲ, ದಿನಾಂಕಗಳಿದ್ದ ಹಾಳೆಯನ್ನು. ಅದನ್ನು ಗೋಡೆಗೆ ಅಂಟಿಸಿ, ಅದಕ್ಕೆ ತಕ್ಕಂತೆ ರಜೆ ಹೊಂದಿಸಿಕೊಳ್ಳುತ್ತಿದ್ದ.

ಈಗಿನ ದೊಡ್ಡ ಆನ್‌ಲೈನ್ ಕೋರ್ಸುಗಳಲ್ಲೂ ಆ ಹಾಳೆ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದವು. ಕೇಂದ್ರ ಸರ್ಕಾರದ 'ಸ್ವಯಂ' 2017ರ ಜುಲೈನಲ್ಲಿ ಬಂತು. ಸ್ವಯಂ ಕೋರ್ಸಿಗೆ ನಾಲ್ಕು ಅಂಗಗಳು: ವಿಡಿಯೊ ಪಾಠ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಚರ್ಚಿಸುವ ವೇದಿಕೆ. ಎನ್‌ಪಿಟಿಇಎಲ್‌ನ ಸರ್ಟಿಫಿಕೇಟ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ ವಾರವಾರದ ಅಸೈನ್‌ಮೆಂಟಿಗೆ ಶೇಕಡ 25, ಕೊನೆಯ ಪರೀಕ್ಷೆಗೆ ಶೇಕಡ 75 ಅಂಕ. ಹನ್ನೆರಡು ವಾರದ ಕೋರ್ಸಾದರೆ ಅಸೈನ್‌ಮೆಂಟುಗಳಲ್ಲಿ ಉತ್ತಮವಾದ ಎಂಟನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇದು ಹೆಸರು ನೋಂದಾಯಿಸುವ ಮೊದಲೇ ಗೊತ್ತಿರುತ್ತದೆ. 'ಉತ್ತಮವಾದ ಎಂಟು' ಎಂಬ ಮಾತಿನ ಹಿಂದಿನ ಕರುಣೆಯನ್ನು ಗಮನಿಸಿ. ಒಂದು ವಾರ ಜ್ವರ ಬಂದರೆ, ಮತ್ತೊಂದು ವಾರ ಮನೆಯಲ್ಲಿ ಮದುವೆಯಾದರೆ ವಿದ್ಯಾರ್ಥಿ ಕೆಡುವುದಿಲ್ಲ. ಮೇಷ್ಟ್ರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಯೂ ಇಲ್ಲ. ಸ್ಪಷ್ಟವಾದ ನಿಯಮ ಕಠಿಣವಾಗಿಯೇ ಇರಬೇಕೆಂದೇನೂ ಇಲ್ಲ.

ಮೇಷ್ಟ್ರೂ ವಿದ್ಯಾರ್ಥಿಯಾದಾಗ

ಎರಡು ವರ್ಷದ ನಂತರ ನಾನೇ ಶಿಕ್ಷಕರಿಗಾಗಿ ನಡೆಸುವ ಆನ್‌ಲೈನ್ ತರಬೇತಿಯೊಂದಕ್ಕೆ ಸೇರಿದೆ. ಒಂದು ಸಂದೇಹ ಬಂತು, ಬರೆದು ಕಳುಹಿಸಿದೆ. ಆ ದಿನ ಉತ್ತರವಿಲ್ಲ. ಮರುದಿನ ನಾಲ್ಕು ಸಲ ತೆರೆದು ನೋಡಿದೆ. ನನ್ನ ಪ್ರಶ್ನೆ ತೀರ ದಡ್ಡತನದ್ದಾಯಿತೇ ಎಂಬ ಅನುಮಾನ ಕಾಡಿತು. ಐದನೆಯ ದಿನ ಸೊಗಸಾದ ಉತ್ತರವೇ ಬಂತು. 'ಸಂದೇಹಗಳಿಗೆ ಪ್ರತಿ ಶನಿವಾರ ಉತ್ತರಿಸುತ್ತೇವೆ' ಎಂದು ಮೊದಲೇ ಹೇಳಿದ್ದರೆ ನಾನು ಶನಿವಾರದವರೆಗೆ ನೆಮ್ಮದಿಯಾಗಿ ಇರುತ್ತಿದ್ದೆ. ಐವತ್ತು ದಾಟಿದ ನನಗೇ ಹೀಗಾದರೆ ಹದಿನೈದರ ಮಕ್ಕಳ ಪಾಡೇನು?

ಆದ್ದರಿಂದ ಕರಾರು ಒಂದೇ ಕಡೆಯದಾಗಬಾರದು. ಮೇಷ್ಟ್ರು ವಿದ್ಯಾರ್ಥಿಯಿಂದ ಏನು ಬಯಸುತ್ತಾರೆ ಎಂಬುದು ಎಡಗಡೆ. ವಿದ್ಯಾರ್ಥಿ ಮೇಷ್ಟ್ರಿಂದ ಏನು ನಿರೀಕ್ಷಿಸಬಹುದು ಎಂಬುದು ಬಲಗಡೆ. ಎರಡೂ ತೂಗಬೇಕು. 'ರಾತ್ರಿ 8ರೊಳಗೆ ಕಳುಹಿಸಿ' ಎಂದರೆ, 'ಮೂರು ದಿನದೊಳಗೆ ತಿದ್ದಿ ಕೊಡುತ್ತೇನೆ' ಎಂದೂ ಹೇಳಬೇಕು.

ಹಾಳೆಯಲ್ಲಿ ಏನಿರಬೇಕು?

ಈಗ ನಾನು ಯಾವುದೇ ಆನ್‌ಲೈನ್ ಪಾಠಕ್ಕೆ ಮುನ್ನ ಒಂದೇ ಪುಟದ ಹಾಳೆ ಸಿದ್ಧಪಡಿಸುತ್ತೇನೆ. ಮೊದಲನೆಯದು, ವೇಳೆ. ಪಾಠ ಎಷ್ಟು ಹೊತ್ತಿಗೆ, ತಪ್ಪಿಸಿಕೊಂಡವರಿಗೆ ವಿಡಿಯೊ ಎಲ್ಲಿ ಸಿಗುತ್ತದೆ, ವಾರಕ್ಕೆ ಎಷ್ಟು ಗಂಟೆ ಕೆಲಸ ಇರುತ್ತದೆ. ಪರದೆಯ ಮುಂದೆ ಕೂರಿಸುವುದಕ್ಕೂ ಮಿತಿ ಬೇಕು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿ, ಒಂಬತ್ತರಿಂದ ಹನ್ನೆರಡನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ನಾಲ್ಕು ಅವಧಿಗಳನ್ನೂ, ಒಂದರಿಂದ ಎಂಟರವರಿಗೆ ಎರಡು ಅವಧಿಗಳನ್ನೂ ಮೀರಬಾರದೆಂದು ಸೂಚಿಸಿತ್ತು.

ಎರಡನೆಯದು, ತಡವಾದರೆ ಏನು? ಅಂಕ ಕಡಿತವೋ, ಒಂದು ದಿನದ ವಿನಾಯಿತಿಯೋ, ಸಂಖ್ಯೆಯಲ್ಲೇ ಹೇಳಬೇಕು. ನನ್ನ ಹಾಳೆಯಲ್ಲಿ ಈ ಸಾಲಿಗೆ ಕೆಂಪು ಗೆರೆ ಎಳೆದಿರುತ್ತೇನೆ. ಮೂರನೆಯದು, ಸಂದೇಹ ಎಲ್ಲಿ ಕೇಳಬೇಕು, ಉತ್ತರ ಯಾವಾಗ ಬರುತ್ತದೆ? ರಾತ್ರಿ ಒಂಬತ್ತರ ಮೇಲೆ ಮೇಷ್ಟ್ರು ಫೋನ್ ಎತ್ತುವುದಿಲ್ಲವೆಂದರೆ ಅದನ್ನೂ ಸಂಕೋಚವಿಲ್ಲದೆ ಬರೆಯಬೇಕು. ಮೇಷ್ಟ್ರಿಗೂ ಮನೆ ಮಠ ಇದೆ.

ನಾಲ್ಕನೆಯದು, ಕ್ಯಾಮೆರಾ. ಮಕ್ಕಳು ಕ್ಯಾಮೆರಾ ಹಾಕಿಕೊಂಡೇ ಕೂರಬೇಕೆಂದು ನಾನೂ ಹಟ ಹಿಡಿದಿದ್ದೆ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ತಾಯಿ ಅಡಿಗೆ ಮಾಡುತ್ತಿರುವಾಗ, ಹಾಸಿಗೆಯಲ್ಲಿ ಅಜ್ಜ ಮಲಗಿರುವಾಗ, ತರಗತಿಗೆಲ್ಲ ಮನೆಯನ್ನು ತೋರಿಸಲು ಯಾವ ಮಗುವಿಗೆ ಮನಸ್ಸು ಬರುತ್ತದೆ? ಈಗ ಹೆಸರು ಕರೆದರೆ ದನಿ ಕೊಟ್ಟರೆ ಸಾಕು ಎಂದಿದೆ.

ಐದನೆಯದು, ನಕಲು. ಗೆಳೆಯರೊಡನೆ ಚರ್ಚಿಸಬಹುದೇ? ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಕೇಳಬಹುದೇ? 'ನಕಲು ಮಾಡಬಾರದು' ಎಂದಷ್ಟೇ ಹೇಳಿದರೆ ಸಾಲದು. ಚರ್ಚಿಸಿ, ಆದರೆ ಉತ್ತರ ನಿಮ್ಮ ಕೈಬರಹದಲ್ಲಿ ನಿಮ್ಮ ಮಾತಿನಲ್ಲಿ ಇರಲಿ, ಸಹಾಯ ಪಡೆದಿದ್ದರೆ ಕೆಳಗೆ ಒಂದು ಸಾಲು ಬರೆಯಿರಿ ಎಂದರೆ ಮಕ್ಕಳು ಅಚ್ಚರಿಪಡುವಷ್ಟು ಪ್ರಾಮಾಣಿಕರಾಗುತ್ತಾರೆ.

ಇಷ್ಟಕ್ಕೆ ಮೊದಲು ಇನ್ನೊಂದು ಕೆಲಸ ಉಂಟು: ಕೇಳುವುದು. ಮನೆಯಲ್ಲಿ ಫೋನ್ ಯಾರ ಬಳಿ ಇರುತ್ತದೆ, ಎಷ್ಟು ಹೊತ್ತಿಗೆ ಸಿಗುತ್ತದೆ, ನೆಟ್‌ವರ್ಕ್ ಹೇಗೆ? ಈ ಮೂರು ಪ್ರಶ್ನೆಗಳನ್ನು 2020ರ ಜುಲೈನಲ್ಲಿ ನಾನು ಕೇಳಿದ್ದರೆ ಗಡುವು ರಾತ್ರಿ 8 ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆಗುತ್ತಿತ್ತು. ನನಗೇನೂ ನಷ್ಟವಿರಲಿಲ್ಲ, ರಾತ್ರಿ 8ಕ್ಕೆ ಬಂದ ಉತ್ತರಗಳನ್ನೂ ನಾನು ತಿದ್ದುತ್ತಿದ್ದುದು ಮರುದಿನವೇ!

ಹಾಳೆ ಒಂದು ಪುಟ ದಾಟಬಾರದು. ನಿಯಮ ಹೆಚ್ಚಿದಷ್ಟೂ ಓದುವವರು ಕಡಿಮೆ. ಬರೆದುಕೊಟ್ಟರೆ ಸಾಲದು, ಮೊದಲ ದಿನ ಓದಿ ಹೇಳಬೇಕು. ಎರಡನೆಯ ದಿನ ಅದರ ಮೇಲೆಯೇ ಐದು ಪ್ರಶ್ನೆ ಕೇಳಬೇಕು. ನಡುವೆ ಏನಾದರೂ ಬದಲಾದರೆ ಎಲ್ಲರಿಗೂ ತಿಳಿಯುವಂತೆ ಹೇಳಬೇಕು. ಒಬ್ಬರ ಕಿವಿಯಲ್ಲಿ ಹೇಳಿದ ವಿನಾಯಿತಿ ಉಳಿದವರಿಗೆ ಅನ್ಯಾಯ. ನಿಯಮ ಮುರಿದವರ ಹೆಸರನ್ನು ಎಲ್ಲರೆದುರು ಹಾಕುವ ಮುನ್ನ ಒಂದು ಫೋನ್ ಮಾಡಿ ಕಾರಣ ಕೇಳಬೇಕು. ಈ ಕೊನೆಯ ಮಾತು ಮಕ್ಕಳ ಹಾಳೆಯಲ್ಲಿಲ್ಲ. ನನ್ನ ಡೈರಿಯ ಮೊದಲ ಪುಟದಲ್ಲಿದೆ.

ಆ ಹುಡುಗಿಯ ಸಮೀಕರಣಗಳನ್ನು ಜನವರಿಯಲ್ಲೇ ತಿದ್ದಿ ಮುಗಿಸಿದೆವು. ಗುಂಪಿನಲ್ಲಿ ಬರೆದ ಮಾತಿಗೆ ಗುಂಪಿನಲ್ಲಿಯೇ ತಪ್ಪೊಪ್ಪಿಗೆ ಬರೆದೆ. ಅವಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಮುಂದೆ ಪದವಿಗೂ ಸೇರಿದಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಕಾಲೇಜಿನಲ್ಲಿ ಆನ್‌ಲೈನ್ ಕೋರ್ಸ್ ಒಂದನ್ನು ತೆಗೆದುಕೊಂಡಿರುವುದಾಗಿ ಹೇಳಿದಳು.

'ಹೇಗೆ ನಡೀತಿದೆಯಮ್ಮಾ?' ಎಂದೆ.

'ಚೆನ್ನಾಗಿದೆ ಸಾರ್. ಮೊದಲನೇ ದಿನವೇ ಕೇಳಿಬಿಟ್ಟೆ, ತಡವಾದರೆ ಕಳಿಸಬಹುದಾ ಅಂತ.'

ಬಸ್ಸು ಬಂತು. ಅವಳು ಹತ್ತಿದಳು.