ಅಳಿಸಿಹೋದ ಶಿವಮತ ಭೈರವ

ಕಳೆದ ಮೂರು ತಿಂಗಳಿಂದ ಬೆಳಗಿನ ಕಾಫಿಯ ಹೊತ್ತಿಗೆ ನಾನು ಕೇಳುತ್ತಿರುವುದು ಒಂದೇ ರಾಗ. ಪಂಡಿತ ಮಲ್ಲಿಕಾರ್ಜುನ ಮನಸೂರರು ಹಾಡಿರುವ ಶಿವಮತ ಭೈರವ. 'ಲೋಕದಲ್ಲಿ ಬೇರೆ ಹಾಡೇ ಇಲ್ಲವೇ?' ಎಂದು ಮನೆಯಾಕೆ ಕೇಳಿದ್ದೂ ಆಗಿದೆ. ಇವೆ, ಬೇಕಾದಷ್ಟಿವೆ. ಅಂಗೈಯೊಳಗಿನ ಮೊಬೈಲಿನಲ್ಲಿ ಒಂದು ಜನ್ಮಕ್ಕೆ ಕೇಳಿ ಮುಗಿಸಲಾಗದಷ್ಟು ಸಂಗೀತ ಕುಳಿತಿದೆ. ಆದರೂ ನಾನು ಈ ಒಂದು ರಾಗಕ್ಕೆ ಜೋತುಬಿದ್ದಿರುವುದಕ್ಕೆ ನಾಲ್ಕು ದಶಕಗಳಷ್ಟು ಹಳೆಯದಾದ ನನ್ನದೇ ಒಂದು ಅಪರಾಧ ಕಾರಣ.

ಅದು 1984. ಧಾರವಾಡದ ನಮ್ಮ ಮನೆಯಲ್ಲಿ ಸಂಗೀತದ ಹುಚ್ಚು ಹಚ್ಚಿಕೊಂಡವನು ಅಣ್ಣ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವನು ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು 'ಟೂ ಇನ್ ಒನ್' ತಂದಿದ್ದ. ರೇಡಿಯೊದಲ್ಲಿ ಬಂದದ್ದನ್ನು ಹಾಗೆಯೇ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬಹುದು ಎಂಬುದೇ ಆಗ ಒಂದು ಪವಾಡ. ಒಂದು ಮುಂಜಾನೆ ಧಾರವಾಡ ಆಕಾಶವಾಣಿಯಿಂದ ಮನಸೂರರ ಶಿವಮತ ಭೈರವ ಪ್ರಸಾರವಾಯಿತು. ಅಣ್ಣ ಗುಂಡಿ ಒತ್ತಿ, ಯಾರೂ ಮಾತನಾಡದಂತೆ ತುಟಿಯ ಮೇಲೆ ಬೆರಳಿಟ್ಟು ಕುಳಿತ. ಅಡುಗೆಮನೆಯಲ್ಲಿ ಅವ್ವ ಪಾತ್ರೆ ಸದ್ದು ಮಾಡದೆ ನಿಂತಳು. ಹಾಲು ಕೊಡಲು ಬಂದವನು ಹೊಸ್ತಿಲ ಬಳಿಯೇ ಕೂತುಬಿಟ್ಟ. ಭೈರವದ ಶುದ್ಧ ಗಾಂಧಾರ ಬೆಳಗುತ್ತಿರುವಾಗಲೇ ಕೋಮಲ ಗಾಂಧಾರವೊಂದು ಮೆಲ್ಲನೆ ನೆರಳು ಬೀಳಿಸಿ ಹೋಗುವ ಆ ಚೆಲುವನ್ನು ಅಣ್ಣ ಆಮೇಲೆ ನನಗೆ ವಿವರಿಸಿದ್ದ. ನನಗೆ ಅರ್ಥವಾಗಿರಲಿಲ್ಲ.

ಕ್ಯಾಸೆಟ್ಟುಗಳ ಕಾಲದವರಿಗೆ ನೆನಪಿರಬಹುದು. ಅದರ ಹಿಂಬದಿಯಲ್ಲಿ, ಒಂದೊಂದು ಮಗ್ಗುಲಿಗೆ ಒಂದರಂತೆ, ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನನ್ನೂ ಧ್ವನಿಮುದ್ರಿಸಲು ಬರುತ್ತಿರಲಿಲ್ಲ. ಅಣ್ಣ ಅವನ್ನು ಮುರಿದಿರಲಿಲ್ಲ. ಕಾಲೇಜಿನ ಅಮಲಿನಲ್ಲಿದ್ದ ನಾನು ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಸಮಯ ನೋಡಿ, ಅದೇ ಕ್ಯಾಸೆಟ್ಟಿನ ಮೇಲೆ ವಿವಿಧ ಭಾರತಿಯ ಚಿತ್ರಗೀತೆಗಳನ್ನು ತುಂಬಿಕೊಂಡೆ. ಏನನ್ನು ಅಳಿಸಿದೆನೆಂದು ತಿಳಿದಾಗ ಕೈಕಾಲು ತಣ್ಣಗಾದವು. ಕ್ಯಾಸೆಟ್ಟನ್ನು ಇದ್ದಲ್ಲೇ ಇಟ್ಟೆ. ಅಣ್ಣ ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ದಿನಗಳಲ್ಲಿ ಸಂಗೀತ ಕೇಳುವುದೆಂದರೆ ನಾಲ್ಕು ಜನರ ನಡುವೆ ಕೇಳುವುದು ಎಂದೇ ಅರ್ಥ. ರೇಡಿಯೊ ಒಬ್ಬರ ಮನೆಯಲ್ಲಿದ್ದರೆ ಕಿವಿ ಓಣಿಯವರದೆಲ್ಲ. ಗದುಗಿನ ಹುಡುಗ ಭೀಮಸೇನ ಜೋಶಿ ಗ್ರಾಮಫೋನ್ ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ತಟ್ಟೆಗಳನ್ನು ಕೇಳುತ್ತಿದ್ದ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಆ ತಟ್ಟೆಯ ಒಂದು ಬದಿಯಲ್ಲಿ ಇರುತ್ತಿದ್ದುದು ಮೂರು ಚಿಲ್ಲರೆ ನಿಮಿಷಗಳ ಹಾಡು. ಅಷ್ಟು ಸಾಕಾಯಿತು. 1933ರಲ್ಲಿ, ಇನ್ನೂ ಹನ್ನೊಂದರ ಹರೆಯದಲ್ಲಿ, ಆ ಹುಡುಗ ಗುರುವನ್ನು ಅರಸುತ್ತ ಮನೆ ಬಿಟ್ಟ. ಅಂಗಡಿಯವನು ತನ್ನ ತಟ್ಟೆಯನ್ನು ತಾನೊಬ್ಬನೇ ಬಾಗಿಲು ಮುಚ್ಚಿಕೊಂಡು ಕೇಳಿದ್ದರೆ ಏನಾಗುತ್ತಿತ್ತೋ!

ಕೇಳುವಿಕೆ ಖಾಸಗಿಯಾದದ್ದು ಈಚೆಗೆ. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಹೊರತಂದಿತಷ್ಟೆ. ಆ ಮೊದಲ ಮಾದರಿಯಲ್ಲಿ ಹೆಡ್‌ಫೋನು ಚುಚ್ಚಲು ಎರಡು ರಂಧ್ರಗಳಿದ್ದವು. ಜತೆಗಿರುವವರನ್ನು ಬಿಟ್ಟು ಒಬ್ಬನೇ ಕೇಳುವುದು ಅಸಭ್ಯವೆನಿಸೀತು ಎಂಬ ಅಳುಕು ಅದನ್ನು ರೂಪಿಸಿದವರಿಗೇ ಇತ್ತು. ಇಬ್ಬರು ಮಾತನಾಡಿಕೊಳ್ಳಬೇಕೆನಿಸಿದರೆ ಹಾಡಿನ ಸದ್ದು ತಗ್ಗಿಸುವ ಗುಂಡಿಯನ್ನೂ ಇಟ್ಟಿದ್ದರು. ಬರಬರುತ್ತ ಆ ಗುಂಡಿಯೂ ಹೋಯಿತು, ಎರಡನೆಯ ರಂಧ್ರವೂ ಹೋಯಿತು. ಒಬ್ಬನೇ ಕೇಳುವುದಕ್ಕೆ ಲೋಕ ಬಲುಬೇಗ ಒಗ್ಗಿಕೊಂಡಿತು. ಇಂದು ಬೆಂಗಳೂರಿನ ಮೆಟ್ರೊದಲ್ಲಿ ನಿಂತರೆ ಭುಜಕ್ಕೆ ಭುಜ ತಾಗಿಸಿಕೊಂಡ ನೂರು ಮಂದಿ ನೂರು ಬೇರೆ ಬೇರೆ ಲೋಕಗಳಲ್ಲಿರುತ್ತಾರೆ.

ಇದನ್ನು ಹಳಬನ ಗೊಣಗಾಟವೆಂದು ತಳ್ಳಿಹಾಕಬೇಡಿ. ಒಬ್ಬನೇ ಕೇಳುವುದರಲ್ಲಿ ಏಕಾಗ್ರತೆಯ ಸುಖವಿದೆ. ಆ ಸುಖವನ್ನು ನಾನೂ ಉಂಡಿದ್ದೇನೆ. ಮನಸೂರರು ತಮ್ಮ ಜಯಪುರ-ಅತ್ರೌಲಿ ಘರಾಣೆಯ ಅಪ್ರಚಲಿತ ರಾಗಗಳನ್ನು ಮಂಜೀಖಾನ್, ಬುರ್ಜಿಖಾನ್ ಸೋದರರಿಂದ ಎದುರು ಕುಳಿತೇ ಪಡೆಯಬೇಕಾಯಿತು. ಅವರು ಅಷ್ಟು ಕಷ್ಟಪಟ್ಟು ಪಡೆದದ್ದು ನನಗೆ ಬೆರಳ ತುದಿಯಲ್ಲಿ ಸಿಗುತ್ತಿದೆ. ನನ್ನ ತಕರಾರು ಬೇರೆ. ಸಂಗೀತವನ್ನು ಹಂಚಿಕೊಳ್ಳುವುದು ಎಂಬ ಮಾತಿನ ಅರ್ಥವೇ ಸವೆದುಹೋಗಿದೆ. ಮೊದಲ ಬಾರಿ ಶಿವಮತ ಭೈರವ ಸಿಕ್ಕಿದ ದಿನ ನಾನು ಅದರ ಕೊಂಡಿಯನ್ನು ಕುಟುಂಬದ ವಾಟ್ಸ್‌ಆ್ಯಪ್ ಬಳಗಕ್ಕೆ ಕಳುಹಿಸಿದೆ. ಅರ್ಧ ಗಂಟೆಯ ಗಾಯನ. ಒಂದು ನಿಮಿಷದೊಳಗೆ ಐದು ಕೈಮುಗಿದ ಚಿತ್ರಗಳು ಬಂದವು. ಯಾರೂ ಕೇಳಿರಲಿಲ್ಲ. ತಪ್ಪು ಅವರದಲ್ಲ. ಕಳುಹಿಸಲು ನನಗೆ ಎರಡು ಕ್ಷಣ ಹಿಡಿದಿತ್ತು, ಅವರೂ ಎರಡೇ ಕ್ಷಣ ಮರಳಿಸಿದರು. ಕೊಟ್ಟಷ್ಟೇ ಬಂತು.

ಅಣ್ಣನಿಂದ ಮಾತ್ರ ಏನೂ ಬರಲಿಲ್ಲ. ಕಾರಣ ತಿಳಿಯಲು ನಾನು ಧಾರವಾಡಕ್ಕೇ ಹೋಗಬೇಕಾಯಿತು. ಅವನ ಕಿವಿ ಮಂದವಾಗಿದೆ. ವಯಸ್ಸಿನಿಂದ ಬರುವ ಕಿವುಡು ಮೊದಲು ಕಸಿಯುವುದು ಎತ್ತರದ ಸ್ವರಗಳನ್ನು. ತಂಬೂರಿಯ ಝೇಂಕಾರದ ಹೊಳಪೆಲ್ಲ ಇರುವುದು ಅಲ್ಲೇ. ಶ್ರವಣಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ. ಆದರೆ ಅದನ್ನು ಮುಖ್ಯವಾಗಿ ಮಾತಿಗೆಂದೇ ಹೊಂದಿಸಿರುತ್ತಾರೆ. ಸಂಗೀತ ಅದರೊಳಗೆ ಹಾದು ಬರುವಾಗ ಅಣ್ಣನಿಗೆ ತಗಡು ಬಡಿದಂತೆ ಕೇಳಿಸುತ್ತದಂತೆ. 'ಎರಡು ವರ್ಷಾತು, ಹಾಡು ಕೇಳೂದs ಬಿಟ್ಟೀನಿ' ಎಂದ. ನನಗೆ ಕೇಳಲು ಕಲಿಸಿದವನ ಬಾಯಲ್ಲಿ ಆ ಮಾತು ಕೇಳಿ ಏನು ಹೇಳಬೇಕೆಂದು ತೋಚಲಿಲ್ಲ.

ಮರುದಿನ ಮುಂಜಾನೆ ಸಣ್ಣದೊಂದು ಸ್ಪೀಕರನ್ನು ಮೇಜಿನ ಮೇಲಿಟ್ಟು ಶಿವಮತ ಭೈರವ ಹಾಕಿದೆ. ಅಣ್ಣ ಯಂತ್ರಗಳನ್ನು ಕಿವಿಯಿಂದ ತೆಗೆದಿಟ್ಟು ಮೇಜಿನ ಹಲಗೆಯ ಮೇಲೆ ಅಂಗೈ ಊರಿದ. ಕೆಳಗಿನ ಸ್ವರಗಳು, ತಬಲದ ಡಗ್ಗೆಯ ಪೆಟ್ಟು ಅಷ್ಟಿಷ್ಟು ತಲುಪಿರಬೇಕು. ಉಳಿದದ್ದನ್ನು ಅವನು ನನ್ನ ಮುಖ ನೋಡಿ ಕೇಳಿದ. ಕೋಮಲ ಗಾಂಧಾರ ಬಂದಾಗ ನನ್ನ ಹುಬ್ಬು ಮೇಲೇರಿತೋ ಏನೋ, ಅವನು ತಲೆದೂಗಿದ. ಅಷ್ಟು ಹೊತ್ತೂ ನಾವಿಬ್ಬರು ಎದುರೆದುರು ಕುಳಿತಿದ್ದೆವು. ಹಂಚಿಕೊಳ್ಳುವುದೆಂದರೆ ಏನೆಂದು ನನಗೆ ತಿಳಿದದ್ದು ಅಲ್ಲಿ. ಹಾಡನ್ನು ಯಾರಿಗಾದರೂ ಕೊಡಬಹುದು. ಅದರ ಜತೆ ನಮ್ಮ ಹೊತ್ತನ್ನೂ ಕೊಡದಿದ್ದರೆ ಅದು ಬರಿಯ ರವಾನೆ. ನಿಮಗೆ ಬಹಳ ಪ್ರಿಯವಾದ ಹಾಡೊಂದಿದ್ದರೆ ಈ ಭಾನುವಾರ ಯಾರ ಪಕ್ಕದಲ್ಲಾದರೂ ಕುಳಿತು, ಮುಗಿಯುವವರೆಗೆ ಏಳದೆ ಕೇಳಿ ನೋಡಿ.

ಹಾಡು ಮುಗಿದ ಮೇಲೆ ಅಣ್ಣ ಯಂತ್ರಗಳನ್ನು ಮತ್ತೆ ಹಾಕಿಕೊಂಡ. ಆಗ ಹೇಳಿಬಿಟ್ಟೆ: 'ಅಣ್ಣಾ, ಆ ಕ್ಯಾಸೆಟ್ ಅಳಿಸಿದಾಂವ ನಾನs.'

'ಗೊತ್ತಿತ್ತೋ ತಮ್ಮಾ. ಮರುದಿನಾನ ಹಾಕಿ ನೋಡಿದ್ದೆ. ನೀ ತುಂಬಿದ ಹಾಡು ಎಲ್ಲಾ ಕೇಳೀನಿ. ಎರಡು ಮೂರು ಛಲೋ ಇದ್ದುವು' ಎಂದು ನಕ್ಕ. ಎದ್ದು ಹೋಗಿ ಕಪಾಟಿನ ಕೆಳಗಿನ ಖಾನೆಯಿಂದ ಆ ಕ್ಯಾಸೆಟ್ಟನ್ನೇ ತಂದು ಕೈಗಿಟ್ಟ. 'ಮನಸೂರ, ಶಿವಮತ ಭೈರವ' ಎಂಬ ಅವನ ಅಕ್ಷರದ ಕೆಳಗೆ, ಬೇರೆ ಶಾಯಿಯಲ್ಲಿ, ನನ್ನ ಹೆಸರು ಬರೆದಿತ್ತು.

ತಿರುಗಿಸಿ ಹಿಂಬದಿ ನೋಡಿದೆ. ಎರಡೂ ಹಲ್ಲುಗಳನ್ನು ಮುರಿದಿದ್ದ.