ವಾಗ್ದೋಷಗಳ ನಿದಾನವೂ ವಿಶ್ವವಿದ್ಯಾನಿಲಯದ ಶಿಕ್ಷಣವೂ

ವಾಕ್ಕಿನ ದೋಷಗಳನ್ನು ನಮ್ಮ ಪ್ರಾಚೀನರು ಎರಡು ಶಾಸ್ತ್ರಗಳಲ್ಲಿ ವಿಚಾರಿಸಿದ್ದಾರೆ. ಪಾಣಿನೀಯ ಶಿಕ್ಷೆಯು ಎದೆ, ಕಂಠ, ಶಿರಸ್ಸು, ಜಿಹ್ವಾಮೂಲ, ದಂತ, ನಾಸಿಕೆ, ಓಷ್ಠ, ತಾಲು ಎಂಬ 8 ವರ್ಣಸ್ಥಾನಗಳನ್ನು ಎಣಿಸಿ, ರಾಗವೆಳೆದು ಓದುವವನು, ಅವಸರದಿಂದ ಓದುವವನು, ತಲೆಯಲ್ಲಾಡಿಸುವವನು ಮೊದಲಾದ 6 ಬಗೆಯ ಅಧಮಪಾಠಕರನ್ನು ಹೇಳುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನವಾದರೋ ಮೂಕ, ಮಿನ್ಮಿನ, ಗದ್ಗದ ಎಂಬವರನ್ನು ವಾತವ್ಯಾಧಿಪ್ರಕರಣದಲ್ಲಿ ಸೇರಿಸಿದೆ. ಶಬ್ದವಾಹಿನಿಗಳಾದ ಧಮನಿಗಳನ್ನು ಕಫಸಹಿತವಾದ ವಾಯುವು ಆವರಿಸುವುದೇ ಇದಕ್ಕೆ ಕಾರಣವೆಂದು ಅಲ್ಲಿಯ ಮತ. ಮೊದಲನೆಯವನಿಗೆ ಬೇಕಾದವನು ಗುರು. ಎರಡನೆಯವನಿಗೆ ಬೇಕಾದವನು ವೈದ್ಯ. ಈ ವಿವೇಕವಿಲ್ಲದೆ ರೋಗಿಯನ್ನು ದಂಡಿಸುವುದೂ, ರೋಗವಿಲ್ಲದವನಿಗೆ ಚಿಕಿತ್ಸೆ ಮಾಡುವುದೂ ಸಂಭವಿಸುತ್ತವೆ. ಆ ವಿವೇಕವನ್ನು ಕಲಿಸುವುದೇ ವಾಗ್ದೋಷಚಿಕಿತ್ಸಾಶಿಕ್ಷಣದ ಪ್ರಯೋಜನ.

ಪಾಶ್ಚಾತ್ಯದೇಶಗಳಲ್ಲಿ ಈ ವಿದ್ಯೆಗೆ ಮಸ್ತಿಷ್ಕಶೋಧನೆಯು ಬಲವನ್ನು ಕೊಟ್ಟಿತು. ಫ್ರಾನ್ಸಿನ ಬ್ರೋಕಾ ಎಂಬ ವೈದ್ಯನು 1861ರಲ್ಲಿ ಮಾತನ್ನು ಕಳೆದುಕೊಂಡ ರೋಗಿಯೊಬ್ಬನ ಮಿದುಳಿನ ಎಡಮುಂಭಾಗದಲ್ಲಿ ವಿಕಾರವನ್ನು ಕಂಡನು. 1874ರಲ್ಲಿ ಜರ್ಮನಿಯ ವೆರ್ನಿಕೆಯು ಮತ್ತೊಂದು ಬಗೆಯನ್ನು ವಿವರಿಸಿದನು. ಇದರಲ್ಲಿ ಮಾತು ಸರಾಗವಾಗಿ ಹರಿಯುತ್ತದೆ. ಅರ್ಥವು ಹೊಂದುವುದಿಲ್ಲ, ಪರರ ಮಾತೂ ತಿಳಿಯುವುದಿಲ್ಲ. ಉಚ್ಚಾರಣೆ ಬೇರೆ, ಭಾಷೆ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಭಾರತದಲ್ಲಿ ಈ ಶಿಕ್ಷಣದ ಇತಿಹಾಸದೊಳಗೆ ಮೈಸೂರಿಗೆ ವಿಶೇಷ ಸ್ಥಾನವುಂಟು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಅಲ್ಲಿ ಸ್ಥಾಪಿತವಾಗಿ, ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಸ್ನಾತಕೋತ್ತರ ತರಗತಿಯನ್ನು ಆರಂಭಿಸಿತು. ಸ್ನಾತಕ ತರಗತಿಯು ಬಳಿಕ ಬಂದಿತು. ಈಗಿನ ಸ್ನಾತಕಪದವಿಯು 3 ವರ್ಷಗಳ ಪಾಠವೂ 1 ವರ್ಷದ ಕಾರ್ಯಾಭ್ಯಾಸವೂ ಸೇರಿ 4 ವರ್ಷಗಳದು. ಶಾರೀರ, ಧ್ವನಿಶಾಸ್ತ್ರ, ಭಾಷಾಶಾಸ್ತ್ರ, ಮನಶ್ಶಾಸ್ತ್ರ, ಶ್ರವಣಶಾಸ್ತ್ರ ಇವೆಲ್ಲವನ್ನೂ ವಿದ್ಯಾರ್ಥಿಯು ಓದತಕ್ಕದ್ದು. ಅದರೊಡನೆ ಹಿರಿಯರ ಕಣ್ಣೆದುರಿನಲ್ಲಿ ರೋಗಿಗಳನ್ನು ಪರೀಕ್ಷಿಸಿ ಅಭ್ಯಾಸಮಾಡತಕ್ಕದ್ದು. 1992ರ ಶಾಸನದಿಂದ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತು ಇಂತಹ ಶಿಕ್ಷಣದ ಮಟ್ಟವನ್ನು ನಿಯಮಿಸುವ ಅಧಿಕಾರವನ್ನು ಪಡೆಯಿತು.

ನಿದಾನಕ್ರಮದಲ್ಲಿ ಮೊದಲ ಮಾತು ಶ್ರವಣಪರೀಕ್ಷೆ. ಮಾತಾಡದ ಮಗುವು ಕೇಳುತ್ತಿದೆಯೇ ಎಂಬುದನ್ನು ನಿಶ್ಚಯಿಸದೆ ಮುಂದಿನ ಹೆಜ್ಜೆಯಿಡಲಾಗದು. ಕೇಳದ ಶಬ್ದವನ್ನು ನಾಲಗೆಯು ಅನುಕರಿಸಲಾರದಷ್ಟೆ. ಅನಂತರ ತುಟಿ, ದಂತ, ನಾಲಗೆ, ಅಂಗುಳಗಳ ಪರೀಕ್ಷೆ. ಅನಂತರ ವರ್ಣಗಳ ಮತ್ತು ವಾಕ್ಯಗಳ ಪರೀಕ್ಷೆ. ವಯಸ್ಸನ್ನೂ ಗಮನಿಸಬೇಕು. ಎರಡು ವರ್ಷದ ಮಗು “ಕಾಗೆ” ಎನ್ನಲು ಹೋಗಿ “ತಾದೆ” ಎಂದರೆ ಅದು ಬೆಳವಣಿಗೆಯ ಹಂತ. ಆರು ವರ್ಷದ ಬಾಲಕನು ಹಾಗೆಂದರೆ ಕಾರಣವನ್ನು ವಿಚಾರಿಸಬೇಕು.

ಕನ್ನಡಿಗರಿಗೆ ಅತ್ಯಂತ ಮುಖ್ಯವಾದ ಅಂಶವು ಮುಂದಿನದು. ನಾಡಿನ ಹಲವೆಡೆ ಜನರು “ಹಾಲು” ಎಂಬುದನ್ನು “ಆಲು” ಎನ್ನುವರು. ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ನುಡಿಯುವವರು ಅಸಂಖ್ಯಾತರು. ಇದು ಪಾಠದೋಷವೆನಿಸಬಹುದು, ರೋಗವೆಂದಿಗೂ ಆಗದು. ಮಗುವು ತನ್ನ ಮನೆಯ ನುಡಿಯನ್ನು ತಪ್ಪಿಲ್ಲದೆ ಕಲಿತಿದೆಯೆಂಬುದಕ್ಕೇ ಅದು ಸಾಕ್ಷಿ. ಆದಕಾರಣ ಅನ್ಯಭಾಷೆಗಾಗಿ ರಚಿತವಾದ ಪ್ರಶ್ನಾವಳಿಯಿಂದ ಕನ್ನಡದ ಮಗುವನ್ನು ಅಳೆಯುವುದು ಯುಕ್ತವಲ್ಲ. ಳಕಾರಣಕಾರಗಳು ಇಂಗ್ಲಿಷಿನ ಪರೀಕ್ಷೆಯಲ್ಲಿ ಬಾರವು. ಈ ಕೊರತೆಯನ್ನು ನೀಗಲು 1972ರಲ್ಲಿಯೇ ಕನ್ನಡಕ್ಕೆ ಪ್ರತ್ಯೇಕವಾದ ಉಚ್ಚಾರಣಪರೀಕ್ಷೆಯೊಂದು ರಚಿತವಾಯಿತು. ಉಪಭಾಷೆಗಳ ವ್ಯವಸ್ಥೆಯನ್ನು ಅರಿತ ಭಾಷಾವಿದ್ವಾಂಸನ ಸಹಾಯವಿಲ್ಲದೆ ಇಂತಹ ಪರೀಕ್ಷೆಗಳು ಪೂರ್ಣವಾಗಲಾರವು.

ಚಿಕಿತ್ಸೆಯು ಕಾರಣವನ್ನು ಅನುಸರಿಸುತ್ತದೆ. ಸೀಳಂಗುಳದವನಲ್ಲಿ ಉಸಿರು ಮೂಗಿಗೆ ಸೋರಿ ಪಕಾರ ತಕಾರಗಳು ಸ್ಫುಟವಾಗವು. ಶಸ್ತ್ರಕ್ರಿಯೆಯಿಂದ ಸೀಳನ್ನು ಮುಚ್ಚಿದ ಮೇಲೆಯೂ ಹಳೆಯ ಅಭ್ಯಾಸವು ಉಳಿಯುವುದುಂಟು. ಅದನ್ನು ಬಿಡಿಸುವವನು ವಾಕ್ಚಿಕಿತ್ಸಕ. ಪಾರ್ಶ್ವವಾಯುವಿನಿಂದ ಮಾತು ಹೋದವನಿಗೆ ಚಿತ್ರ, ಸಂಜ್ಞೆ, ಪದಾಭ್ಯಾಸಗಳ ಮೂಲಕ ವ್ಯವಹಾರಮಾರ್ಗವನ್ನು ತೋರಿಸಲಾಗುತ್ತದೆ. ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷಗಳೊಳಗೆ ತೋರುತ್ತದೆ; ಅನೇಕ ಮಕ್ಕಳಲ್ಲಿ ತಾನಾಗಿಯೇ ಅಡಗುತ್ತದೆ. ಉಳಿದವರಿಗೆ ಉಸಿರು, ಗತಿ, ಭಯ ಈ ಮೂರನ್ನೂ ಕುರಿತ ಶಿಕ್ಷಣವು ಅವಶ್ಯಕ.

ಉಗ್ಗುವ ಬಾಲಕನು ವೈದ್ಯನ ಬಳಿಗೆ ಬರುವ ಮೊದಲು ಉಪಾಧ್ಯಾಯನ ಎದುರಿಗೆ ನಿಲ್ಲುತ್ತಾನೆ. ಪದ್ಯವನ್ನೊಪ್ಪಿಸುವಾಗ ಅವನ ಮಾತು ತಡೆದರೆ, ಅದನ್ನು ಆಲಸ್ಯವೆಂದು ಗದರಿಸಿದಲ್ಲಿ ಭಯವು ಇಮ್ಮಡಿಸುವುದು. ಉಳಿದವರ ನಗೆಯನ್ನು ತಡೆದು, ಅವನ ವಾಕ್ಯವನ್ನು ತಾನೇ ಪೂರ್ತಿಮಾಡದೆ, ಕೊನೆಯವರೆಗೂ ಕೇಳಿದಲ್ಲಿ ಭಯವು ತಗ್ಗುವುದು. ಪಾಠದೋಷವನ್ನು ತಿದ್ದುವುದು, ದೇಶಭೇದವನ್ನು ಮನ್ನಿಸುವುದು, ರೋಗವನ್ನು ಗುರುತಿಸಿ ತಜ್ಞನ ಬಳಿಗೆ ಕಳುಹಿಸುವುದು, ಈ ಮೂರೂ ಭಾಷಾಧ್ಯಾಪಕನ ಕರ್ತವ್ಯಗಳೇ. ಅಧ್ಯಾಪಕರ ಶಿಕ್ಷಣದಲ್ಲಿಯೂ ಈ ವಿಷಯಕ್ಕೆ ಕೆಲವು ಪಾಠಗಳು ಮೀಸಲಾದರೆ ಮಹೋಪಕಾರವಾದೀತು.