ಅರೆಹೊಟ್ಟೆಯ ಬ್ಯಾಟರಿ

ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರಿದೆ. ಚಳಿಗಾಲ ಬಂತೆಂದರೆ ಸುತ್ತಲಿನ ಮರುಭೂಮಿಯಲ್ಲಿ ಸಾವಿರಾರು ಆರ್‌ವಿಗಳು, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲವನ್ನೂ ಹೊತ್ತ ವಾಹನಗಳು, ಬೀಡುಬಿಡುತ್ತವೆ. ಅವು ನಿಲ್ಲುವ ಬಯಲಿನಲ್ಲಿ ಕರೆಂಟಿನ ಕಂಬವಿಲ್ಲ. ದೀಪ, ಪಂಪು, ಫ್ರಿಜ್ಜು ಎಲ್ಲಕ್ಕೂ ಡೀಪ್ ಸೈಕಲ್ ಬ್ಯಾಟರಿಯೇ ಗತಿ.

ಕಾರಿನ ಬ್ಯಾಟರಿ ಇಲ್ಲಿ ನಡೆಯದು. ಅದರ ಸೀಸದ ಪ್ಲೇಟುಗಳು ತೆಳು. ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಟ್ಟರೆ ಅದರ ಕೆಲಸ ಮುಗಿಯಿತು. ದಿನವೂ ಆಳಕ್ಕೆ ಬರಿದಾಗಿ ಮತ್ತೆ ತುಂಬಿಕೊಳ್ಳಲು ದಪ್ಪ ಪ್ಲೇಟು ಬೇಕು. ಗಾಲ್ಫ್ ಗಾಡಿಯ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್, ಸುಮಾರು 220 ಆಂಪಿಯರ್-ಅವರ್ ಸಾಮರ್ಥ್ಯ ಪಡೆಯುವುದು ಆರ್‌ವಿಯವರ ಹಳೆಯ ರೂಢಿ. ಬಾಳಿಕೆ ಬೇಕಿದ್ದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು.

ಕೊಳ್ಳುವಾಗ ಎಲ್ಲರೂ ಕೇಳುವುದು ಆಂಪಿಯರ್-ಅವರ್ ಎಷ್ಟೆಂದು. ಬ್ಯಾಟರಿಯನ್ನು ದಿನಾ ತುಂಬಿಸುವುದು ಹೇಗೆಂಬ ಪ್ರಶ್ನೆಯೇ ಹೆಚ್ಚು ಮುಖ್ಯ. ಚಾರ್ಜರ್ ಮೊದಲು ಧಾರಾಳವಾಗಿ ಕರೆಂಟು ಹರಿಸುತ್ತದೆ, ಶೇಕಡಾ 80ರವರೆಗೆ ಬೇಗ ಏರುತ್ತದೆ. ಆಮೇಲೆ ವೋಲ್ಟೇಜು 14.4ರಿಂದ 14.8ರ ನಡುವೆ ನಿಂತು, ಬ್ಯಾಟರಿ ಎಳೆದುಕೊಳ್ಳುವ ಕರೆಂಟು ಇಳಿಯುತ್ತ ಹೋಗುತ್ತದೆ. ಉಳಿದ ಶೇಕಡಾ 20 ತುಂಬಲು ಹಲವು ಗಂಟೆ ಹಿಡಿಯುತ್ತದೆ. ಸಂಜೆ ಎರಡು ತಾಸು ಜನರೇಟರ್ ಓಡಿಸಿ ನಿಲ್ಲಿಸುವವರ ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲೇ ಮಲಗುತ್ತದೆ. ಪ್ಲೇಟಿನ ಮೇಲೆ ಉಳಿದ ಸೀಸದ ಸಲ್ಫೇಟು ದಿನಕಳೆದಂತೆ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗದು. ಎಷ್ಟು ತುಂಬಿದೆಯೆಂದು ತಿಳಿಯಲು ಮುಚ್ಚಳ ತೆರೆದು, ಸಾಂದ್ರತೆ ಅಳೆಯುವ ಹೈಡ್ರೋಮೀಟರಿಗೆ ಆಮ್ಲ ಎಳೆದು ನೋಡಿ: ತುಂಬಿದ ಬ್ಯಾಟರಿಯಲ್ಲಿ ತೇಲುಕಡ್ಡಿ 1.265ರ ಬಳಿ ನಿಲ್ಲುತ್ತದೆ, ಮುಕ್ಕಾಲು ತುಂಬಿದ್ದರಲ್ಲಿ 1.225ಕ್ಕೆ ಇಳಿಯುತ್ತದೆ.

ಹಾಗಾಗಿ ಜನರೇಟರ್ ಓಡಿಸುವುದಿದ್ದರೆ ಬೆಳಿಗ್ಗೆಯೇ ಓಡಿಸಬೇಕು. ದೊಡ್ಡ ಪಾಲನ್ನು ಅದು ತುಂಬಲಿ. ನಿಧಾನದ ಕೊನೆಯ ಪಾಲನ್ನು ಚಾವಣಿಯ ಸೋಲಾರ್ ಫಲಕ ಸಂಜೆಯವರೆಗೆ ಸದ್ದಿಲ್ಲದೆ ತುಂಬುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಕಾಟವಿಲ್ಲ. ಅರ್ಧ ತುಂಬಿದರೂ ಕೆಡದು, ಸಾಮರ್ಥ್ಯದ ಶೇಕಡಾ 80ಕ್ಕೂ ಹೆಚ್ಚನ್ನು ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ದುಡ್ಡಿದ್ದವರು ಇದನ್ನೇ ಕೊಳ್ಳಲಿ ಎನ್ನುತ್ತೇನೆ. ಅದರ ಶತ್ರು ಚಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಲೋಹವಾಗಿ ಕೂತು ಕೋಶವನ್ನೇ ಹಾಳುಮಾಡುತ್ತದೆ. ಅರಿಝೋನಾದಲ್ಲೇ ಎತ್ತರದಲ್ಲಿರುವ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಚಳಿಗಾಲದ ರಾತ್ರಿಗಳು ಹೆಪ್ಪುಗಟ್ಟುತ್ತವೆ. ಬೆಳಿಗ್ಗೆ ಬಿಸಿಲು ಫಲಕಕ್ಕೆ ತಾಗುವ ಹೊತ್ತಿಗೆ ಬ್ಯಾಟರಿ ಇನ್ನೂ ಮರಗಟ್ಟಿಯೇ ಇರಬಹುದು. ಚಳಿಯಲ್ಲಿ ತಾನಾಗಿಯೇ ಚಾರ್ಜ್ ತಡೆಯುವ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಇರುವುದನ್ನು ಆರಿಸಿ, ವಾಹನದೊಳಗೆ ಮಂಚದ ಕೆಳಗಿಟ್ಟುಕೊಳ್ಳಬಹುದು. ಸೀಸ-ಆಮ್ಲದ ಬ್ಯಾಟರಿಯನ್ನು ಮಾತ್ರ ಅಲ್ಲಿಡಬೇಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಹೊರಗಾಳಿಗೆ ತೆರೆದ ಪೆಟ್ಟಿಗೆಯೇ ಅದಕ್ಕೆ ಸರಿ.